ಬೇವಿನ ಬುಡದ ದಫ್ತರ

ಹೋದ ತಿಂಗಳು ಇಂಡಿ ಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳಿಗೆ ಹೆಸರಿಡುವ ದಿನ. ತೊಟ್ಟಿಲಿಗೆ ಬಾಗಿ ಕೂಸಿನ ಕೈ ಹಿಡಿದೆ, ಬಜೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೀಗಿತಿ ಕರಿದಾರದಲ್ಲಿ ಬಜೆಬೇರಿನ ತುಂಡು ಪೋಣಿಸಿ ಕೂಸಿನ ಮುಂಗೈಗೆ ಕಟ್ಟಿದ್ದರು. ನಮ್ಮ ಕಡೆ ಎಲ್ಲ ಕೂಸುಗಳಿಗೂ ಕಟ್ಟುತ್ತಾರೆ, ಹೊಟ್ಟೆ ನೊಂದರೆ ತೇಯ್ದು ನೆಕ್ಕಿಸುತ್ತಾರೆ. ಹಾಗಾಗಿ ಎಲ್ಲರಿಗೂ ಅದು ಎಳೆಗೂಸಿನ ವಾಸನೆ. ನನಗೆ ಮಾತ್ರ ಹಸಿ ಎರೆಮಣ್ಣಿನ, ನೆಂದ ಕಾಗದದ ವಾಸನೆ. ಅಷ್ಟರಲ್ಲಿ ಅಳಿಯ ಯಾವುದೋ ಅರ್ಜಿ ತಂದು ಮುಂದಿಟ್ಟು, ಮಾವಾ, ನಿಮ್ಮ ಅಕ್ಷರ ಚಂದ, ಕೂಸಿನ ಹೆಸರು ನೀವೇ ಬರೆಯಿರಿ ಎಂದ. ಜೀವಮಾನವೆಲ್ಲ ಕನ್ನಡ ಮಾಸ್ತರಿಕೆ ಮಾಡಿ, ಅಕ್ಷರದ ಜಂಬದಲ್ಲೇ ಬಾಳಿದವನು ನಾನು. ಕನ್ನಡಕ ಮರೆತು ಬಂದಿದ್ದೇನೆ ಎಂದೆ. ಕನ್ನಡಕ ಮೂಗಿನ ಮೇಲೆಯೇ ಇತ್ತು. ಮಗಳು ನನ್ನ ಮುಖ ನೋಡಿ, ತಾನೇ ಪೆನ್ನು ತೆಗೆದುಕೊಂಡಳು.

ಯಾಕೆ ಬರೆಯಲಿಲ್ಲವೆಂದು ಅವಳಿಗೆ ಹೇಳಬೇಕಾದರೆ ಒಂದು ಮಳೆಗಾಲವನ್ನು ಹೇಳಬೇಕಾಗುತ್ತದೆ. ಊರಿನ ಹೆಸರು ಬರೆಯುವುದಿಲ್ಲ. ಹೂವಿನ ಹಿಪ್ಪರಗಿಯಲ್ಲಿ ಬಸ್ಸಿಳಿದು ಟಂಟಂ ಆಟೋ ಹತ್ತಿ ಒಳಗೆ ಹೋಗಬೇಕಾದ ಊರುಗಳಲ್ಲಿ ಅದೊಂದು ಎಂದು ತಿಳಿದರೆ ಸಾಕು. ಇಲ್ಲಿ ಬರುವವರ ಹೆಸರುಗಳೂ ಅವರ ನಿಜವಾದ ಹೆಸರುಗಳಲ್ಲ. ಈ ಎಚ್ಚರ ನನಗೆ ತಡವಾಗಿ ಬಂತು.

ನಿವೃತ್ತಿಗೆ ಎರಡು ವರ್ಷವಿರುವಾಗ ಆ ಊರಿನ ಹೈಸ್ಕೂಲಿಗೆ ನನ್ನನ್ನು ಎತ್ತಿ ಹಾಕಿದರು. ಹೆಂಡತಿ ಗೊಳಸಂಗಿಯ ಮನೆ, ಎಮ್ಮೆ ಬಿಟ್ಟು ಬರಲು ಒಪ್ಪಲಿಲ್ಲ. ಊರ ಅಂಚಿನಲ್ಲಿ ಒಂದು ಕೋಣೆ ಹಿಡಿದೆ. ಅಲ್ಲಿಂದ ಶಾಲೆಗೆ ಹೋಗುವ ದಾರಿಯಲ್ಲಿ, ಕೇರಿಗೆ ತಿರುಗುವ ಕಡೆ, ಒಂದು ಬೇವಿನ ಮರ. ಅದರ ಟೊಂಗೆಗೆ ತೂಗುಬಿಟ್ಟ ರೈಲುಹಳಿಯ ತುಂಡು. ಹಿಂದೆ ಕಲ್ಲುಮಣ್ಣಿನ ಗೋಡೆ, ತಗಡಿನ ಸೂರಿನ ಕಟ್ಟಡ. ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆ ಇರದಿದ್ದರೆ ಕಾಳಿನ ಗೋದಾಮು ಅಂದುಕೊಳ್ಳಬೇಕು. ಅದಕ್ಕೆ ಯಾರೂ ಚರ್ಚು ಎನ್ನುತ್ತಿರಲಿಲ್ಲ, ಊರವರೂ ಕೇರಿಯವರೂ ಗುಡಿ ಎಂದೇ ಕರೆಯುತ್ತಿದ್ದರು. ರವಿವಾರ ಹಳಿ ಬಾರಿಸಿದರೆ ಜನ ಚಪ್ಪಲಿ ಹೊರಗೆ ಬಿಟ್ಟು, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಜಮಖಾನೆಯ ಮೇಲೆ ಕೂಡುತ್ತಿದ್ದರು. ಪಾದ್ರಿಗಳು ಬಿಜಾಪುರದಿಂದ ತಿಂಗಳಿಗೊಮ್ಮೆ ಬರುವರು, ಉಳಿದ ವಾರಗಳಲ್ಲಿ ಉಪದೇಶಿ ಯೇಸಪ್ಪ ಪ್ರಾರ್ಥನೆ ನಡೆಸುವರು. ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಊರೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಚರಗದ ಅನ್ನ ಚೆಲ್ಲಿದರೆ ಇವರೂ ಬುತ್ತಿ ಕಟ್ಟಿಕೊಂಡು ಹೋಗಿ, ಒಂದು ಕೀರ್ತನೆ ಹಾಡಿ, ಆಮೇಲೆ ಚರಗ ಚೆಲ್ಲುತ್ತಿದ್ದರು. ಅದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ.

ಮೃಗಶಿರ ಮಳೆ ಹಿಡಿದ ಒಂದು ಸಂಜೆ ಯೇಸಪ್ಪ ನನ್ನ ಕೋಣೆಗೆ ಬಂದರು. ಎಂಬತ್ತರ ಹತ್ತಿರದ ಮುದುಕ, ಎರಡೂ ಕಣ್ಣಿಗೆ ಪೊರೆ. ಬಗಲಲ್ಲಿ ಬಿಳಿ ಅರಿವೆಯ ಗಂಟು. ಬಿಚ್ಚಿದರೆ ಕೋಣೆಯೆಲ್ಲ ಬಜೆಯ ವಾಸನೆ. ಒಳಗೆ ಒಂದು ದೊಡ್ಡ ದಫ್ತರ. ಹುಳ ಹತ್ತಬಾರದೆಂದು ಹಾಳೆಗಳ ನಡುವೆ ಬಜೆಬೇರು, ಒಣ ಬೇವಿನೆಲೆ ಇಟ್ಟಿದ್ದರು, ಆದರೂ ಗೆದ್ದಲು ಒಂದು ಮೂಲೆ ತಿಂದಿತ್ತು. ಸಭೆ ಹುಟ್ಟಿದಂದಿನಿಂದ ಆದ ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಇದರಲ್ಲಿದೆ, ಹೊಸ ಪುಸ್ತಕಕ್ಕೆ ಇಳಿಸಿಕೊಡಬೇಕು ಎಂದರು. ಬರೆಯಬಲ್ಲ ಹುಡುಗರೆಲ್ಲ ಪುಣೆ, ಗೋವಾ ಎಂದು ದುಡಿಯಲು ಹೋಗಿದ್ದರಂತೆ. ನಿಮ್ಮ ಅಕ್ಷರ ಶಾಲೆಯ ಹಲಗೆಯ ಮೇಲೆ ನೋಡಿದ್ದೇವೆ, ಮುತ್ತು ಪೋಣಿಸಿದ ಹಾಗಿದೆ ಎಂದೂ ಸೇರಿಸಿದರು. ಪೊರೆ ಬಂದ ಕಣ್ಣಿಗೆ ಅದು ಹೇಗೆ ಕಂಡಿತೆಂದು ನಾನು ಕೇಳಲಿಲ್ಲ. ಹೊಗಳಿದರೆ ಉಬ್ಬುವ ಆಸಾಮಿ ನಾನು. ನಿಮ್ಮ ಮತದವನಲ್ಲದವನು ಬರೆದರೆ ನಡೆಯುತ್ತದೆಯೇ ಎಂದು ಬಾಯಿಮಾತಿಗೆ ಕೇಳಿದೆ.

"ಯಾರ ಕೈಯಾದರ ಏನ್ರಿ ಸರ," ಎಂದರು ಯೇಸಪ್ಪ. "ಇದ್ದದ್ದು ಇದ್ದಂಗ ಇಳಿಸಿ ಕೊಡ್ರಿ. ಅಷ್ಟ ಸಾಕು."

ದಿನಾ ಶಾಲೆ ಬಿಟ್ಟ ಮೇಲೆ ಗುಡಿಯ ಪಡಸಾಲೆಯಲ್ಲಿ ಕೂತು ಬರೆಯತೊಡಗಿದೆ. ಹೊರಗೆ ಮಳೆ ಜಿಟಿಜಿಟಿ, ಹೊಲಗಳಲ್ಲಿ ಹೆಸರು, ತೊಗರಿ ಮೇಲೆದ್ದಿದ್ದವು. ಆ ಹೊತ್ತಿಗೆ ರೂತಮ್ಮ ಕಸ ಹೊಡೆಯಲು ಬರುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ನಡು ಬಾಗಿತ್ತು, ನಾಲಿಗೆ ಮಾತ್ರ ಬಾಗಿರಲಿಲ್ಲ. ಊರಲ್ಲಿ ಮೊದಲು ದೀಕ್ಷೆ ತೆಗೆದುಕೊಂಡ ಲಗಮವ್ವ ಅವಳ ಗಂಡನ ಮುತ್ತಜ್ಜಿ. ಮಗ ಸೊಸೆ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಮೊಮ್ಮಗಳು ಸುವರ್ಣಾ ಸಿಂದಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಮಾಸ್ತರಿಕೆಯ ಪರೀಕ್ಷೆಗೆ ಓದುತ್ತಿದ್ದಳು. ರೂತಮ್ಮನಿಗೆ ಅಕ್ಷರ ಬಾರದು, ಆದರೆ ದಫ್ತರದಲ್ಲಿದ್ದ ಒಂದೊಂದು ಹೆಸರಿನ ಹಿಂದಿನ ಮನುಷ್ಯರೂ ಅವಳಿಗೆ ಗೊತ್ತು. ನಾನು ಹೆಸರು ಓದುವುದು, ಅವಳು ಕಸಬರಿಗೆ ನಿಲ್ಲಿಸಿ ಅವರ ಕಥೆ ಹೇಳುವುದು. ಹೀಗೆ ಆ ಸಭೆಯ ಚರಿತ್ರೆ ನನಗೆ ಎರಡು ಬಾರಿ ಸಿಕ್ಕಿತು, ಒಮ್ಮೆ ಶಾಯಿಯಲ್ಲಿ, ಒಮ್ಮೆ ಬಾಯಲ್ಲಿ.

ಶಾಯಿಯಲ್ಲಿದ್ದದ್ದು ಇಷ್ಟು. ಬರಗಾಲದಲ್ಲಿ ಕೆರೆಯ ಕೆಲಸಕ್ಕೆ ಕಲ್ಲು ಒಡೆಯಲು ಹೋದ ಕೇರಿಯ ಜನರಿಗೆ ಒಬ್ಬ ಬಿಳಿಯ ಪಾದ್ರಿ ಗಂಜಿ ಹಾಕಿದ. ನಲವತ್ತು ಜನ ದೀಕ್ಷೆ ತೆಗೆದುಕೊಂಡರು. ಮಳೆ ಬಂದ ಮೇಲೆ ಬಹಳ ಜನ ತಿರುಗಿ ಹೋದರು. ಅವರ ಹೆಸರಿನ ಮುಂದೆ ಆ ಪಾದ್ರಿ ಸಿಟ್ಟಿಲ್ಲದ ಕೈಬರಹದಲ್ಲಿ "ಬಿಟ್ಟರು" ಎಂದು ಬರೆದಿದ್ದ. ಲಗಮವ್ವ ಉರ್ಫ್ ಸಾರಮ್ಮ ಬಿಡಲಿಲ್ಲ. ಗಂಜಿಯ ಮಾತು ಮುಗಿದ ಮೇಲೂ ಅವಳು ಯಾಕೆ ಉಳಿದಳೆಂದು ದಫ್ತರ ಹೇಳುವುದಿಲ್ಲ. ರೂತಮ್ಮ ಹೇಳಿದಳು. ಪಾದ್ರಿ ಗುಡಿಯ ಹಿಂದೆ ಒಂದು ಬಾವಿ ತೋಡಿಸಿದ್ದ. ಅದಕ್ಕಿಂತ ಮೊದಲು ಊರಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಂತು, ಯಾರಾದರೂ ಮನಸ್ಸು ಬಂದವರು ನೀರು ಹಾಕುವವರೆಗೆ ಕಾಯಬೇಕಿತ್ತು. ಲಗಮವ್ವ ತನ್ನ ಕೈಯಿಂದ ಮೊದಲ ಬಾರಿ ಹಗ್ಗ ಎಳೆದು ನೀರು ಸೇದಿದ ದಿನ, ಆ ಕೊಡ ಮನೆಗೆ ತರದೆ ಮೈಮೇಲೆಯೇ ಸುರುವಿಕೊಂಡಳಂತೆ. ನಾನು ಪೆನ್ನು ಕೆಳಗಿಟ್ಟೆ. ಊರಬಾವಿಯ ಕಡೆ ನೀರು ಹಾಕಲು ಮನಸ್ಸು ಮಾಡಬೇಕಿದ್ದವರು ನಮ್ಮಂಥ ಮನೆಯವರು.

ಹಾಳೆ ತಿರುವಿದಂತೆ ಕಾಲ ಸಾಗುತ್ತಿತ್ತು. ಒಂದು ವರ್ಷ ಬರೀ ಸಾವುಗಳು, ಅಂಚಿನಲ್ಲಿ "ಪ್ಲೇಗು" ಎಂಬ ಒಂದೇ ಶಬ್ದ. ಒಂದು ವರ್ಷ ಗೋಡೆ ಕುಸಿದು ಜಾಲಿಯ ತೊಲೆ ಹಾಕಿ ಎತ್ತಿದ್ದು. ಆಮೇಲೆ ನನ್ನ ಮಾಸ್ತರ ಬುದ್ಧಿಗೆ ಹೊಳೆದ ಒಂದು ಸಂಗತಿ. ಈಚಿನ ಮೂರು ದಶಕಗಳ ಹಾಳೆಗಳಲ್ಲಿ ದೀಕ್ಷಾಸ್ನಾನಗಳು ಬತ್ತುತ್ತಾ ಬಂದಿದ್ದವು. ಮುದುಕರ ಸಾವು ಬರೆದಿತ್ತು, ಮಕ್ಕಳ ಹುಟ್ಟು ಬರೆದಿರಲಿಲ್ಲ. ರವಿವಾರ ನೋಡಿದರೆ ಗುಡಿಯ ತುಂಬ ಮಕ್ಕಳು. ಕೂಸುಗಳು ಹೊರಗೆ ಆಡುತ್ತಿವೆ, ಪುಸ್ತಕದಲ್ಲಿ ಇಲ್ಲ. ಇದೆಲ್ಲ ಕಣ್ಣು ಕಾಣದ ಯೇಸಪ್ಪನ ಉದಾಸೀನ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಹಾಜರಿಪುಸ್ತಕದಲ್ಲಿ ಒಂದು ಮನೆ ಖಾಲಿ ಬಿದ್ದರೂ ನನಗೆ ಊಟ ಸೇರುತ್ತಿರಲಿಲ್ಲ, ಅಂಥ ಚಟ.

ರೂತಮ್ಮ ದಿನಕ್ಕೊಮ್ಮೆಯಾದರೂ ತನ್ನ ಮನೆತನದ ಹಾಳೆ ಓದಿಸಿಕೊಳ್ಳುತ್ತಿದ್ದಳು. ಪ್ರತಿ ಮನೆತನಕ್ಕೂ ಒಂದು ಹಾಳೆ. ಮೇಲೆ ಸಾರಮ್ಮ, ಅವಳ ಕೆಳಗೆ ಮಗ, ಅವನ ಕೆಳಗೆ ಮೊಮ್ಮಗ, ಆಮೇಲೆ ರೂತಮ್ಮನ ಗಂಡ, ಪಕ್ಕದಲ್ಲಿ ರೂತಮ್ಮ, ಕೆಳಗೆ ಮಗ ಸಾಮುವೇಲ. ಅದರ ಕೆಳಗಿನ ಸಾಲು ಖಾಲಿ. ರೂತಮ್ಮ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಕೇಳುತ್ತಾ ಬಂದು, ಖಾಲಿ ಸಾಲಿನ ಮೇಲೆ ಬೆರಳು ನಿಲ್ಲಿಸಿ, ಕೈ ಹಿಂದೆಗೆದುಕೊಳ್ಳುತ್ತಿದ್ದಳು. ಅದನ್ನು ಎಷ್ಟೋ ಸಲ ನೋಡಿದೆ. ನೋಡಿದ್ದಕ್ಕೆ ಅರ್ಥವಾಯಿತು ಅಂದುಕೊಂಡೆ.

ಶ್ರಾವಣದ ಕೊನೆಗೆ ಯೇಸಪ್ಪ ಕಣ್ಣಿನ ಆಪರೇಶನ್ನಿಗೆಂದು ಬಿಜಾಪುರಕ್ಕೆ ಹೋದರು. ಅದೇ ವಾರ ನನ್ನ ಬರವಣಿಗೆ ಮುಗಿಯಿತು. ಉಳಿದದ್ದು ಆ ಖಾಲಿ ಸಾಲು. ನಿನ್ನ ಮೊಮ್ಮಗಳಿಗೆ ದೀಕ್ಷಾಸ್ನಾನ ಆಗಿಲ್ಲವೇ ಎಂದು ರೂತಮ್ಮನನ್ನು ಕೇಳಿದೆ. ಅವಳು ಬಹಳ ಹೊತ್ತು ಕಸಬರಿಗೆಯ ಕಡ್ಡಿ ಸರಿಮಾಡುತ್ತಾ ನಿಂತಳು.

"ಆಗೇತ್ರಿ," ಎಂದಳು ಆಮೇಲೆ. "ಮೂರು ತಿಂಗಳ ಕೂಸು ಇತ್ರಿ ಆಕಿ. ಸುಗ್ಗಿ ಹಬ್ಬದ ರವಿವಾರ. ಬರಿಯೂದು ಮರತಾರ. ಗುಡಿ ಹೆಸರು ಹನ್ನಾ ಅಂತ ಇಟ್ಟೇವ್ರಿ. ಬರೀರಿ."

ಬರೆದೆ. ಸುವರ್ಣಾ ಉರ್ಫ್ ಹನ್ನಾ, ತಂದೆ ಸಾಮುವೇಲ. ದಿನ, ಸಾಕ್ಷಿ ಎಲ್ಲ ಅವಳು ಹೇಳಿದಂತೆ. ನೀಲಿ ಶಾಯಿಯಲ್ಲಿ, ನನ್ನ ಒಳ್ಳೆಯ ಅಕ್ಷರದಲ್ಲಿ. ಓದಿ ಹೇಳಿದಾಗ ರೂತಮ್ಮ ಸೆರಗಿನಿಂದ ಬೆರಳು ಒರೆಸಿಕೊಂಡು ಆ ಹೆಸರು ಮುಟ್ಟಿದಳು. ಶಾಯಿ ಹಸಿಯಿತ್ತು, ಬೆರಳಿಗೆ ಹತ್ತಿತು. ಅವಳು ಅದನ್ನು ತೊಳೆದುಕೊಳ್ಳದೆ ಮನೆಗೆ ಹೋದಳು. ನಾನು ಒಂದು ಪುಣ್ಯದ ಕೆಲಸ ಮಾಡಿದೆನೆಂದು ಎದೆಯುಬ್ಬಿಸಿ ಕೋಣೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಆ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಹರಿದ ಬೈಬಲ್ಲು, ಕೀರ್ತನೆ ಪುಸ್ತಕಗಳನ್ನು ಅವರು ರದ್ದಿಗೆ ಹಾಕುತ್ತಿರಲಿಲ್ಲ, ಸುಡುತ್ತಲೂ ಇರಲಿಲ್ಲ. ಬಿಳಿ ಅರಿವೆಯಲ್ಲಿ ಸುತ್ತಿ, ಬಜೆ ಬೇವಿನೆಲೆ ಇಟ್ಟು, ಮನುಷ್ಯರನ್ನು ಹೂಳುವ ಹಾಗೆ ಬೇವಿನ ಬುಡದಲ್ಲಿ ಹೂಳುತ್ತಿದ್ದರು. ಭಾದ್ರಪದದ ಒಂದು ರವಿವಾರ ಹಳೆಯ ದಫ್ತರಕ್ಕೂ ಹಾಗೇ ಮಾಡಿದರು. ಪಾದ್ರಿಗಳು ಬಂದು ಹೊಸ ಪುಸ್ತಕದ ಪ್ರತಿ ಹಾಳೆಗೂ ಸಹಿ ಹಾಕಿ ಮುದ್ರೆ ಒತ್ತಿದರು. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಯೇಸಪ್ಪ ಹಳೆಯದನ್ನು ಎರಡೂ ಕೈಯಲ್ಲಿ ಎತ್ತಿ ಕುಣಿಗೆ ಇಳಿಸಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನನ್ನ ಕೈಯಲ್ಲೂ ಹಾಕಿಸಿ, ಆಮೇಲೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಆ ಶಾಲು ಈಗಲೂ ಟ್ರಂಕಿನಲ್ಲಿದೆ, ಒಂದು ದಿನವೂ ಹೊದ್ದಿಲ್ಲ.

ಉತ್ತರೆ, ಹಸ್ತ ಎರಡೂ ಮಳೆ ಆ ವರ್ಷ ಒಂದೇ ಸವನೆ ಹೊಡೆದವು. ಎರೆಭೂಮಿ ಉಬ್ಬಿ, ಕಾಲಿಟ್ಟರೆ ಮೊಣಕಾಲ ತನಕ ಎಳೆದುಕೊಳ್ಳುತ್ತಿತ್ತು. ಬಿಳಿಜೋಳ ಬಿತ್ತಲು ಬಿಡುವಿಲ್ಲವೆಂದು ಊರವರು ಮುಗಿಲ ಕಡೆ ನೋಡುತ್ತಾ ಕೂತಿದ್ದರು. ಅಂಥ ಮಳೆಯಲ್ಲಿ, ದಸರೆಯ ಸೂಟಿ ಮುಗಿದ ಮೇಲೆ ಒಂದು ಬೆಳಿಗ್ಗೆ, ಒಬ್ಬ ಹುಡುಗಿ ಕೊಡೆ ಮಡಚುತ್ತಾ ನನ್ನ ಬಾಗಿಲಲ್ಲಿ ನಿಂತಳು. ತಾನು ರೂತಮ್ಮನ ಮೊಮ್ಮಗಳು ಎಂದಳು. ಪ್ರಾಥಮಿಕ ಶಾಲೆಯ ಮಾಸ್ತರಿಕೆಗೆ ಅವಳು ಆಯ್ಕೆಯಾಗಿದ್ದಳು. ನಾನು ಸಂತೋಷದಿಂದ ಕೂಡಿಸಿ ಚಹಾಕ್ಕಿಟ್ಟೆ. ಚಹಾ ಕುದಿಯುವಷ್ಟರಲ್ಲಿ ಅವಳು ಉಳಿದದ್ದು ಹೇಳಿದಳು. ಪರಿಶಿಷ್ಟ ಜಾತಿಯ ಮೀಸಲಿನಲ್ಲಿ ಆಯ್ಕೆ, ಜಾತಿ ಪ್ರಮಾಣಪತ್ರ ಪರಿಶೀಲನೆಯಾಗಬೇಕು. ಯಾರೋ ಮೂಗರ್ಜಿ ಹಾಕಿದ್ದಾರೆ, ಇವಳು ಕ್ರಿಶ್ಚಿಯನ್ನಳು, ಗುಡಿಯ ಪುಸ್ತಕ ನೋಡಿರಿ ಎಂದು. ನಾಡಿದ್ದು ಅಧಿಕಾರಿಗಳು ಬರುತ್ತಾರೆ. ಹೊಸ ಪುಸ್ತಕ ಬರೆದವರು ನೀವಾದ್ದರಿಂದ ನಿಮ್ಮನ್ನೂ ಕೇಳಬಹುದು, ಅದಕ್ಕೆ ಹೇಳಿ ಹೋಗಲು ಬಂದೆ ಎಂದಳು.

"ನೀವೇನೂ ಸುಳ್ಳು ಹೇಳಬ್ಯಾಡ್ರಿ ಸರ," ಎಂದಳು. "ಪುಸ್ತಕದಾಗ ನನ್ನ ಹೆಸರ ಇಲ್ಲ. ಬೇಕಂತ ಬರಸಿಲ್ಲ ನಮ್ಮಪ್ಪ. ನನಗ ದೀಕ್ಷಾನೂ ಕೊಡಿಸಿಲ್ಲ. ನಾಕ ಅಕ್ಷರ ಕಲತು ಆಕಿ ಮುಂದ ಬರ್ಲಿ, ದೇವರು ಎಲ್ಲಿ ಹೋಗ್ತಾನ, ಆಮ್ಯಾಲ ನೋಡೂಣು ಅಂದಿದ್ದನಂತ."

ಚಹಾ ಉಕ್ಕಿ ಒಲೆ ಆರಿತು. ನಾನು ಎದ್ದು ಆರಿದ ಒಲೆಯ ಮುಂದೆ ನಿಂತೆ, ಅವಳಿಗೆ ಮುಖ ತೋರಿಸುವ ಧೈರ್ಯವಾಗಲಿಲ್ಲ.

ನನಗೆ ಕಾಯಿದೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೋದ ಶಾಲೆಗಳಲ್ಲೆಲ್ಲ ಪ್ರತಿವರ್ಷ ಇಂಥ ಕೇರಿಗಳ ಮಕ್ಕಳ ಅರ್ಜಿಗಳನ್ನು ತುಂಬಿಸುತ್ತಿದ್ದವನೇ ನಾನು. ದೀಕ್ಷೆ ತೆಗೆದುಕೊಂಡರೆ ಆ ಜಾತಿಯ ಮೀಸಲು ಹೋಗುತ್ತದೆ. ಕೇರಿ ಹೋಗುವುದಿಲ್ಲ, ಚಹಾದಂಗಡಿಯಲ್ಲಿ ಬೇರೆ ಇಟ್ಟ ಲೋಟ ಹೋಗುವುದಿಲ್ಲ, ಬಾವಿಯ ನೆನಪು ಹೋಗುವುದಿಲ್ಲ, ಮೀಸಲು ಮಾತ್ರ ಹೋಗುತ್ತದೆ. ಅದಕ್ಕೇ ಮೂವತ್ತು ವರ್ಷದಿಂದ ಆ ಹಾಳೆಗಳು ಖಾಲಿ. ಅದು ಉದಾಸೀನವಲ್ಲ. ಇಡೀ ಸಭೆ ಕೂಡಿ, ಒಂದು ಮಾತೂ ಆಡದೆ, ತಮ್ಮ ಮಕ್ಕಳಿಗಾಗಿ ಕಾಪಾಡಿಕೊಂಡು ಬಂದ ಖಾಲಿ. ಊರಿಗೆಲ್ಲ ಅದು ತಿಳಿದಿತ್ತು, ತಿಳಿಯದ ಹಾಗೆ ಇರುವುದೂ ತಿಳಿದಿತ್ತು. ತಿಳಿಯದೆ ಇದ್ದವನು ಊರಿಗೇ ಹೆಚ್ಚು ಓದಿದವನೆಂಬ ನಾನೊಬ್ಬನೇ. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಅವಳನ್ನು ಕರೆದುಕೊಂಡೇ ರೂತಮ್ಮನ ಮನೆಗೆ ಹೋದೆ. ನಾನು ಬರೆದದ್ದನ್ನು ಸುವರ್ಣಾಳ ಎದುರಿಗೇ ಹೇಳಿದೆ. ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ಅಜ್ಜಿಯನ್ನು. ರೂತಮ್ಮ ಒಲೆಯ ಮುಂದೆ ಕೂತವಳು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. ಬಡಿದದ್ದನ್ನೇ ಮತ್ತೆ ಬಡಿಯುತ್ತಿದ್ದಳು, ರೊಟ್ಟಿ ಹರಿದು ಹೋಯಿತು.

"ಸುಳ್ಳ ಹೇಳಿದೆ ಯವ್ವಾ," ಎಂದಳು. "ನಮ್ಮ ಹಾಳ್ಯಾಗ ನೀ ಒಬ್ಬಾಕಿ ಇರಲಿಲ್ಲ. ನಾ ಸತ್ತ ಮ್ಯಾಲ ಅಲ್ಲಿ ನಿನ್ನ ಹೆಂಗ ಹುಡುಕಲಿ ಅಂತ ಅನಸ್ತಿತ್ತು. ಇಪ್ಪತ್ತು ವರ್ಷ ಆತು, ಆ ಹೆಸರು ನನ್ನ ಬಾಯಾಗ ಇಟಗೊಂಡು ತಿರಿಗೇನಿ."

"ಯಾ ಹೆಸರು ಆಯಿ?"

ರೂತಮ್ಮ ಹೇಳಿದಳು. ಸುವರ್ಣಾ ಆ ಹೆಸರನ್ನು ತಾನೊಮ್ಮೆ ಮೆಲ್ಲಗೆ ಅಂದು ನೋಡಿದಳು. ಆಮೇಲೆ ಹರಿದ ರೊಟ್ಟಿಯ ಹಿಟ್ಟು ಕೂಡಿಸಿ ಅಜ್ಜಿಯ ಮುಂದಿಟ್ಟು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಸಿಟ್ಟು ಮಾಡಿದ್ದರೆ ನಮ್ಮಿಬ್ಬರಿಗೂ ಹಗುರಾಗುತ್ತಿತ್ತು.

ಯೇಸಪ್ಪನ ಹತ್ತಿರ ಹೋದಾಗ ನಾನು ತಯಾರಾಗಿಯೇ ಹೋಗಿದ್ದೆ. ಆ ಒಂದು ಹಾಳೆ ಹರಿದು ಹಾಕೋಣ, ಇಲ್ಲವೆಂದರೆ ಪುಸ್ತಕವೇ ಮಳೆಯಲ್ಲಿ ನೆನೆದು ಹಾಳಾಯಿತೆನ್ನೋಣ ಎಂದೆ. ಹುಡುಗಿಗಾಗಿ ಎಂದೆನಾದರೂ ಅರ್ಧ ನನಗಾಗಿಯೇ. ನಡೆಯದ ದೀಕ್ಷೆಯನ್ನು ನಡೆಯಿತೆಂದು ದಾಖಲೆಯಲ್ಲಿ ಬರೆದವನು ನಾನು, ಸರ್ಕಾರಿ ನೌಕರ. ನಿವೃತ್ತಿಯ ಹೊಸ್ತಿಲಲ್ಲಿ ವಿಚಾರಣೆ ಎಂದರೆ ಪಿಂಚಣಿಗೇ ಕುತ್ತು. ಪಟ್ಟಿ ಬಿಚ್ಚಿದ ಹೊಸ ಕಣ್ಣುಗಳಿಂದ ಯೇಸಪ್ಪ ನನ್ನನ್ನು ನೋಡಿದರು. ಅವರು ನನ್ನ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು.

"ಪುಸ್ತಕದಾಗ ಒಂದು ಸುಳ್ಳು ಆಗೇತ್ರಿ ಸರ. ಎರಡನೇದು ಬ್ಯಾಡ," ಎಂದರು. "ಹಳೇದು ತಗಸೂಣು."

ಹೂತದ್ದನ್ನು ತೆಗೆಯುವುದೆಂದರೆ ಅವರಲ್ಲಿ ಗೋರಿ ಅಗೆದ ಹಾಗೆ. ಮರುದಿನ ಬೆಳಿಗ್ಗೆ ಚಿತ್ತೆಮಳೆ ಸ್ವಲ್ಪ ಹೊಳವಾದಾಗ ಬೇವಿನ ಬುಡದಲ್ಲಿ ಇಪ್ಪತ್ತು ಮೂವತ್ತು ಜನ ಕೂಡಿದ್ದರು. ಗುದ್ದಲಿ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ರೂತಮ್ಮ ಬಂದು ಮೊದಲ ಏಟು ಹಾಕಿದಳು. ಒದ್ದೆ ಎರೆಮಣ್ಣು ಗುದ್ದಲಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ, ಒಂದೊಂದು ಏಟಿಗೂ ಕೈಯಿಂದ ಬಿಡಿಸಿ ಹಾಕಬೇಕು. ನಾಲ್ಕು ಏಟಿಗೆ ಅವಳ ಉಸಿರು ಹತ್ತಿತು. ಆಮೇಲೆ ನಾನು ಹಿಡಿದೆ, ಆಮೇಲೆ ಸುವರ್ಣಾ. ಮೊಣಕಾಲಷ್ಟು ಹೋದಾಗ ಬಜೆಯ ವಾಸನೆ ಮೇಲೆ ಬಂತು. ಎರಡು ತಿಂಗಳು ಮಣ್ಣಲ್ಲಿದ್ದರೂ ಘಾಟು ಕಡಿಮೆಯಾಗಿರಲಿಲ್ಲ. ಸುತ್ತ ನಿಂತ ಹೆಂಗಸರು ಸೆರಗು ಬಾಯಿಗೆ ಹಚ್ಚಿದರು.

ಅರಿವೆ ಬಿಚ್ಚಿದರೆ ದಫ್ತರದ ಹೊರಹಾಳೆಗಳು ಅಂಬಲಿಯಾಗಿದ್ದವು. ಮೊದಲ ಮನೆತನದ ಹಾಳೆ ಮುಂದೆಯೇ ಇದ್ದದ್ದು. ಯೇಸಪ್ಪ ಬೇವಿನ ಕಡ್ಡಿಯಿಂದ ಒಂದೊಂದೇ ಹಾಳೆ ಬಿಡಿಸುತ್ತಾ ಹೋಗಿ ಅದನ್ನು ಹೊರಗೆ ತೆಗೆದರು. ನೀರು ಮೇಲಿಂದ ಇಳಿದಿತ್ತು. ಸಾರಮ್ಮನ ಹೆಸರಿದ್ದ ಕಡೆ ಬರೀ ನೀಲಿ ಕಲೆ. ಅವಳ ಮಗ, ಮೊಮ್ಮಗ, ಎಲ್ಲ ನೀಲಿ ಕಲೆ. ರೂತಮ್ಮನ ಹೆಸರಿನಲ್ಲಿ ಕೊನೆಯ ಅಕ್ಷರವೊಂದು ಉಳಿದಿತ್ತು. ಸಾಮುವೇಲನ ಹೆಸರು ಮುಕ್ಕಾಲು ಓದಬಹುದಿತ್ತು. ಅದರ ಕೆಳಗಿನ ಸಾಲು ಒಣಗಿತ್ತು, ಗೆರೆ ಎಳೆದ ಕಾಗದ ಹಾಗೆಯೇ ಬೆಳ್ಳಗಿತ್ತು. ಅಲ್ಲಿ ಏನೂ ಬರೆದಿರಲಿಲ್ಲವೆಂದು ಎಂಥವನಿಗೂ ಕಾಣುತ್ತಿತ್ತು. ಯೇಸಪ್ಪ ದೇವರಿಗೆ ಸ್ತೋತ್ರ ಎಂದರು. ರೂತಮ್ಮ ತನ್ನ ಹೆಸರಿದ್ದ ಕಲೆಯನ್ನೇ ನೋಡುತ್ತಾ ನಿಂತಿದ್ದಳು.

ಮರುದಿನ ಬಂದ ಅಧಿಕಾರಿ ಒಳ್ಳೆಯವನೂ ಅಲ್ಲ ಕೆಟ್ಟವನೂ ಅಲ್ಲ, ಕೆಲಸ ಮುಗಿಸಿ ಬಸ್ಸು ಹಿಡಿಯಬೇಕಾದ ಮನುಷ್ಯ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದ. ಹೊಸದರಲ್ಲಿ ಈ ಹೆಸರು ಎಲ್ಲಿಂದ ಬಂತು ಎಂದು ಕೇಳಿದ. ನನ್ನ ಮುಂದೆ ಬಿಳಿ ಹಾಳೆ ಇಟ್ಟಿದ್ದರು. ಮೂಲದಲ್ಲಿ ಇಲ್ಲದ ಹೆಸರನ್ನು ನಾನೇ ಸೇರಿಸಿದೆ, ಅದು ನನ್ನ ತಪ್ಪು ಎಂದು ಬರೆದೆ. ಆ ನಾಲ್ಕು ಸಾಲು ಬರೆಯುವಾಗ ನನ್ನ ಮುತ್ತಿನಂಥ ಅಕ್ಷರ ಕೋಳಿ ಕೆದರಿದ ಹಾಗೆ ಬಂತು. ಆಮೇಲೆ ರೂತಮ್ಮನನ್ನು ಕೇಳಿದರು. ಗುಡಿಯ ತುಂಬ ಜನ ನಿಂತಿದ್ದರು, ಊರ ಪಂಚರೂ ಇದ್ದರು. ಸುವರ್ಣಾ ಬಾಗಿಲ ಹೊರಗೆ ಮಳೆಹನಿಯಲ್ಲಿ ನಿಂತಿದ್ದಳು.

"ನನ್ನ ಮೊಮ್ಮಗಳು ನಮ್ಮ ಸಭಾದಾಕಿ ಅಲ್ರಿ ಸಾಹೇಬ್ರ," ಎಂದಳು ರೂತಮ್ಮ. "ನಾ ಸುಳ್ಳ ಬರಸಿದ್ದೆ. ಆಕಿಗೂ ಈ ಗುಡಿಗೂ ಏನೂ ಸಂಬಂಧ ಇಲ್ಲ."

ಹೆಬ್ಬೆಟ್ಟು ಒತ್ತಿದಳು. ಅದೇ ನೀಲಿ, ಈ ಸಲ ಬೇರೆ ಬೆರಳಿಗೆ. ತಪ್ಪು ನಮೂದನ್ನು ಕೆಂಪು ಶಾಯಿಯಲ್ಲಿ ಹೊಡೆದು ಸಹಿ ಮಾಡಿರೆಂದು ಅಧಿಕಾರಿ ಪುಸ್ತಕವನ್ನು ನನ್ನ ಕಡೆ ಸರಿಸಿದ. ಸಾವಿರಾರು ಮಕ್ಕಳ ತಪ್ಪಿನ ಮೇಲೆ ಕೆಂಪು ಗೆರೆ ಎಳೆದ ಕೈ ಇದು. ಅವತ್ತು ಸ್ಕೇಲು ಬೇಕಾಯಿತು. ರೂತಮ್ಮ ಪಕ್ಕದಲ್ಲೇ ನಿಂತು, ಗೆರೆ ಈ ತುದಿಯಿಂದ ಆ ತುದಿಗೆ ಹೋಗುವವರೆಗೂ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡು, ಜನರ ಕಾಲಿನ ಕೆಸರು ಬಿದ್ದ ನೆಲ ಬಳಿಯತೊಡಗಿದಳು.

ಪ್ರಮಾಣಪತ್ರ ಬಂತು. ಸುವರ್ಣಾಳಿಗೆ ಮುದ್ದೇಬಿಹಾಳ ಕಡೆ ಒಂದು ಊರು ಸಿಕ್ಕಿತು. ನನಗೆ ಒಂದು ನೋಟೀಸು ಬಂದು, ಬೈಸಿಕೊಂಡು ಮುಗಿಯಿತು. ಹಳೆಯ ದಫ್ತರವನ್ನು ಒಣಗಿಸಿ ಮತ್ತೆ ಹೂತರು, ಆ ಒಂದು ಹಾಳೆಯನ್ನು ಮಾತ್ರ ಹೊಸ ಪುಸ್ತಕದೊಳಗೆ ಇಟ್ಟುಕೊಂಡರು. ರೂತಮ್ಮ ಅದನ್ನು ಮತ್ತೊಮ್ಮೆ ಓದಿಸಿಕೊಳ್ಳಲಿಲ್ಲ. ನಾನು ನಿವೃತ್ತಿಯಾಗುವ ತನಕ ಸಂಜೆ ಸಂಜೆ ಗುಡಿಯ ಕಡೆ ಹೋಗಿ ಕೂಡುತ್ತಿದ್ದೆ. ಅವಳು ಮಾತಾಡುತ್ತಿದ್ದಳು, ಹಿಂದಿನ ಕಥೆಗಳನ್ನು ಮಾತ್ರ ಹೇಳುತ್ತಿರಲಿಲ್ಲ.

ನಿವೃತ್ತಿಯಾಗಿ ಗೊಳಸಂಗಿಯ ಮನೆ ಸೇರಿದ ಮೇಲೆ, ಹಸಿ ಜೋಳದ ತೆನೆ ಸುಟ್ಟು ತಿನ್ನುವ ಒಂದು ಸೀತನಿಯ ಕಾಲದಲ್ಲಿ, ಯೇಸಪ್ಪನ ಫೋನು ಬಂತು. ರೂತಮ್ಮ ತೀರಿಕೊಂಡಿದ್ದಳು. ಹೋದೆ. ಗುಡಿಯ ಹಿಂದೆ, ಲಗಮವ್ವ ನೀರು ಸೇದಿದ ಬಾವಿಯ ಆಚೆ, ಕುಣಿ ತೋಡಿದ್ದರು. ಮಗ ಸೊಸೆ ಗೋವಾದಿಂದ ಬಂದಿದ್ದರು. ಕೇರಿಯ ಹುಡುಗರು ಮೊಬೈಲು ಎತ್ತಿ ಹಿಡಿದು ಎಲ್ಲವನ್ನೂ ತೆಗೆಯುತ್ತಿದ್ದರು. ಸುವರ್ಣಾ ಕಾಣಲಿಲ್ಲ. ಕಣ್ಣು ಆಡಿಸಿದರೆ, ಕಂಪೌಂಡಿನ ಮೊಣಕಾಲೆತ್ತರದ ಗೋಡೆಯ ಆಚೆ, ರಸ್ತೆಯಲ್ಲಿ, ಸೆರಗು ತಲೆಮೇಲೆ ಎಳೆದುಕೊಂಡು ನಿಂತಿದ್ದಳು. ಇನ್ನೊಂದು ಮೂಗರ್ಜಿಗೆ ಒಂದು ಫೋಟೋ ಸಾಕಿತ್ತು. ಅಜ್ಜಿ ಮೊಮ್ಮಗಳಿಗೂ ಗುಡಿಗೂ ಸಂಬಂಧವಿಲ್ಲವೆಂದು ಹೆಬ್ಬೆಟ್ಟು ಒತ್ತಿ ಕೊಟ್ಟದ್ದನ್ನು ಅವಳು ಅಷ್ಟು ಜೋಪಾನವಾಗಿ ಕಾಯುತ್ತಿದ್ದಳು. ಎಲ್ಲರೂ ಮಣ್ಣು ಹಾಕುವ ಹೊತ್ತಿಗೆ ನಾನು ಗೋಡೆಯ ಹತ್ತಿರ ಹೋದೆ. ಅವಳು ಕೈ ಚಾಚಿದಳು. ಮುಷ್ಟಿಯಲ್ಲಿ ರಸ್ತೆಯಂಚಿನ ಮಣ್ಣಿತ್ತು, ಹಿಡಿದು ಹಿಡಿದು ಬೆವರಿಗೆ ಉಂಡೆಯಾಗಿತ್ತು. ಅದನ್ನು ಇಸಿದುಕೊಂಡು ಬಂದು ಕುಣಿಗೆ ಹಾಕಿದೆ.

ಜನ ಚದುರಿದ ಮೇಲೆ ಯೇಸಪ್ಪ ಪಡಸಾಲೆಯಲ್ಲಿ ಪುಸ್ತಕ ಬಿಚ್ಚಿ, ಕೈ ನಡುಗುತ್ತದೆ, ನೀವೇ ಬರೆಯಿರಿ ಎಂದರು. ಬರೆಯಲಾರೆ ಎನ್ನಬೇಕೆಂದಿದ್ದೆ, ರೂತಮ್ಮನ ಹೆಸರಿಗೆ ಇಲ್ಲ ಎನ್ನಲಾಗಲಿಲ್ಲ. ಹೆಸರು, ವಯಸ್ಸು, ದಿನ ಬರೆದೆ. ಮಣ್ಣಿಗೆ ಬಂದ ಮನೆಯವರು ಎಂಬ ಕಡೆ ಮಗ ಸಾಮುವೇಲ ಎಂದು ಬರೆದೆ, ಕೆಳಗೆ ಸೊಸೆಯ ಹೆಸರು. ಅದರ ಕೆಳಗೆ ಪೆನ್ನು ಇಟ್ಟು ತಲೆಯೆತ್ತಿದೆ. ಗೋಡೆಯ ಆಚೆ ಸುವರ್ಣಾ ಟಂಟಂ ನಿಲ್ಲುವ ಕಡೆ ನಡೆದು ಹೋಗುತ್ತಿದ್ದಳು.

"ಮುಗೀತೇನ್ರಿ ಸರ?" ಎಂದರು ಯೇಸಪ್ಪ.

ಒಂದು ಸಾಲು ಖಾಲಿ ಉಳಿದಿದೆ ಎಂದೆ. ಅವರೂ ರಸ್ತೆಯ ಕಡೆ ನೋಡಿದರು.

"ಇರ್ಲಿ ಬಿಡ್ರಿ," ಎಂದರು.

ನಾನು ಪೆನ್ನು ಮುಚ್ಚಿದೆ. ಆ ಹಾಳೆಯ ನಡುವೆ ಬಜೆಬೇರು ಇಟ್ಟು, ಪುಸ್ತಕವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ.